ಸಾವಿನ ನೀರು

“ಇದು ಕಾಕಾಗ್ರಿ,” ಎನ್ನುತ್ತ ಗುರುಬಾಯಿ ತುಂಬಿದ ಕೊಡವನ್ನು ಸೊಂಟದಿಂದ ಇಳಿಸಿ ಅಂಗಳದ ಕಲ್ಲಿನ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಅತುಲನ ಕಡೆ ನೋಡದೆಯೇ, ಇನ್ನೊಂದು ಮಾತು ಸೇರಿಸಿದಳು. “ಕಾಕಾನ ಮೈ ತೊಳಿಯಾಕ ಅಷ್ಟ. ಬ್ಯಾರೆ ಯಾತಕ್ಕೂ ಅಲ್ಲ.”

ಅತುಲ ತಲೆ ಅಲ್ಲಾಡಿಸಿದ. ಬೇರೇನು ಮಾಡಬೇಕಿತ್ತು? ಹಲಗೆಯ ಮೇಲೆ ಅಪ್ಪ ಮಲಗಿದ್ದರು. ಬೆಳಕು ಹರಿಯುವ ಹೊತ್ತಿಗೆ ಚಹಾ ಕೇಳಿ, ಅದು ಬರುವುದರೊಳಗೆ, ಗಲ್ಲಿಗೆಲ್ಲ ಕಾಕಾ ಆಗಿದ್ದ ಪಂಢರಿನಾಥರು ಹೋಗಿಬಿಟ್ಟಿದ್ದರು. ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಊರಿನ ನೀರಿನ ಆಫೀಸಿನಲ್ಲೇ ದುಡಿದು ಹೆಡ್ ಕ್ಲಾರ್ಕ್ ಆಗಿ ಹೊರಬಿದ್ದ ಮನುಷ್ಯ. ಅವರ ಮನೆಯಲ್ಲಿ ಅವರ ಮೈ ತೊಳೆಯಲು ನೀರಿಲ್ಲ! ಮೊನ್ನೆ ಬರಬೇಕಾಗಿದ್ದ ನೀರು ಮೊನ್ನೆಯೂ ಬಂದಿರಲಿಲ್ಲ, ನಿನ್ನೆಯೂ ಬಂದಿರಲಿಲ್ಲ. ಬ್ಯಾರಲ್ ಬಗ್ಗಿಸಿದರೆ ತಳದಲ್ಲಿ ಕೆಂಪು ರಾಡಿ. ಅದೇ ಆಫೀಸಿನಲ್ಲಿ ಈಗ ಸಾಹೇಬನಾಗಿರುವ ಮಗ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ತೊಂಬತ್ತೇಳರ ಮೇ ತಿಂಗಳು. ಸೊಲ್ಲಾಪುರದ ಬಿಸಿಲಿನ ಸುದ್ದಿ ಹೇಳಬೇಕೇ, ಮುಂಜಾನೆಯೇ ಅಂಗಳದ ಫರಸಿಕಲ್ಲು ಅಂಗಾಲು ಸುಡುತ್ತಿತ್ತು.

ಗುರುಬಾಯಿಯ ಹಿಂದೆ ಗಲ್ಲಿಯ ಉಳಿದವರೂ ಬಂದರು. ಒಂದೊಂದು ಮನೆಯಿಂದ ಒಂದೊಂದು ಕೊಡ. ತಂದವರೆಲ್ಲ ಹೆಣದ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೆಲವರು ಬಾಯಿಬಿಟ್ಟು ಅತ್ತರು. ಅತುಲನ ಜೊತೆ ಒಬ್ಬರೂ ಮಾತಾಡಲಿಲ್ಲ.

ಮೈ ತೊಳೆಯಲು ಕೂತವನು ಎದುರು ಮನೆಯ ನಾಗಣ್ಣ. ಚಾದರದ ಕಾರ್ಖಾನೆಯಲ್ಲಿ ಮಗ್ಗ ನಡೆಸಿ ಕಿವಿ ಅರ್ಧ ಕೆಡಿಸಿಕೊಂಡವನು, ಪಂಢರಿನಾಥರ ಸಂಜೆಯ ಜೊತೆಗಾರ. ತಂಬಿಗೆ ಎತ್ತಿದವನೇ, ಬದುಕಿದ್ದವರಿಗೆ ಹೇಳುವಂತೆ, “ಕಣ್ಣ ಮುಚ್ಚರಿ ಕಾಕಾ, ತೆಲಿಮ್ಯಾಲ ಹಾಕತೀನಿ,” ಎಂದುಬಿಟ್ಟ. ಎಂದವನು ತಂಬಿಗೆಯನ್ನು ಹಾಗೇ ಹಿಡಿದುಕೊಂಡು ಮಗುವಿನಂತೆ ಅತ್ತ.

ಅಕ್ಕಲಕೋಟೆಯಿಂದ ಮಗಳು ಶ್ರೀಲೇಖಾ ಜೀಪಿನಲ್ಲಿ ಬಂದು ಇಳಿದಾಗ ಹೆಣಕ್ಕೆ ಹೊಸ ಧೋತರ ಹೊದಿಸಿ ಆಗಿತ್ತು. ಅಪ್ಪನ ಎದೆಯ ಮೇಲೆ ಬಿದ್ದು ಅತ್ತು ಅತ್ತು ಸುಸ್ತಾದ ಮೇಲೆ ಅವಳು ಎದ್ದು ಸುತ್ತ ನೋಡಿದಳು. ಕೊನೆಯ ಹನಿಯವರೆಗೆ ಹೆಣಕ್ಕೇ ಸುರಿದಾಗಿದ್ದ ತಮ್ಮ ತಮ್ಮ ಕೊಡಗಳನ್ನು ತಂದವರು ಬೋರಲು ಮಾಡಿ, ಎತ್ತಿಕೊಂಡು ಹೋಗುತ್ತಿದ್ದರು.

“ಅತುಲ, ಹೊತಗೊಂಡು ಹೋದಮ್ಯಾಲ ನೀರು?” ಎಂದು ಕೇಳಿದಳು.

“ಟ್ಯಾಂಕರಿನವಗ ಹೇಳೀನಿ. ನಾಳೆ ಮುಂಜಾನೆ ಅಂತಾನ.”

“ನಾಳೆ? ನೆಲ ತೊಳೀಬೇಕು. ಸ್ನಾನಾ ಆಗಬೇಕು. ದೀಪಾ ಇಡಬೇಕು.”

ತಾಯಿ ಕುಮುದಿನಿಬಾಯಿ ಕಂಬಕ್ಕೆ ಒರಗಿ ಕೂತಿದ್ದರು. ಈಗ ಮಗನ ಕಡೆ ತಿರುಗಿದರು. ಹೆಣ ಎದ್ದ ಜಾಗವನ್ನು ತೊಳೆದು, ಅಲ್ಲಿ ಹಿಟ್ಟು ಹರವಿ, ಅದರ ಮೇಲೆ ದೀಪ ಇಟ್ಟು ಬುಟ್ಟಿ ಮುಚ್ಚುವುದು ಅವರ ಮನೆತನದ ಪದ್ಧತಿ. ತೊಳೆಯದ ನೆಲದ ಮೇಲೆ ದೀಪ ಇಡುವ ಹಾಗಿಲ್ಲ.

“ಕತ್ತಲಾಗೂದರಾಗ ದೀಪಾ ಇಡಲಿಲ್ಲಂದ್ರ ಹೋದವರು ಹೊಸ್ತಿಲದಾಗ ನಿಂತಿರ್ತಾರ, ಅತುಲ,” ಎಂದರು. “ಒಳಗೂ ಬರೂದಿಲ್ಲ, ಹೊರಗೂ ಹೋಗೂದಿಲ್ಲ.”

*

ಹಿಂದಿನ ದಿನಗಳಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಸತ್ತ ಮನೆಯಿಂದ ಖಾಲಿ ಕೊಡ ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗಬಾರದು ಎಂಬುದು ಆ ಗಲ್ಲಿಯ ಕಟ್ಟಳೆ. ಹಾಗಾದರೆ ಹೆಣ ಹೊತ್ತು ಬಂದವರು ಮೈ ತೊಳೆಯುವುದು ಹೇಗೆ? ಅದಕ್ಕೇ ಸಾವಿನ ನೀರು. ಯಾರೋ ಒಬ್ಬರು ಹೋಗಿ ಪಂಢರಿನಾಥರ ಕಿವಿಗೆ ಸುದ್ದಿ ಹಾಕುವುದು, ಅವರು ಪಂಪ್‌ಹೌಸಿಗೆ ಹೇಳಿ ಕಳಿಸುವುದು, ಚಾವಿಯವನು ಬಂದು ಗಲ್ಲಿಯ ಪೈಪಿನ ಚಾವಿ ತಿರುವಿ ನೀರು ಬಿಡುವುದು. ಗಲ್ಲಿಗೆ ಅಂದು ನೀರಿನ ಪಾಳಿ ಇರಲಿ ಬಿಡಲಿ, ಸತ್ತವರ ಮನೆಗೆ ನೀರು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಪಂಢರಿನಾಥರಿಗಿಂತ ಮೊದಲಿದ್ದವರೂ ಹೀಗೇ ಮಾಡುತ್ತಿದ್ದರಂತೆ.

ನಾಗಣ್ಣನ ತಾಯಿ ರೇವಮ್ಮ ತೀರಿಕೊಂಡ ವರ್ಷದ ಬೇಸಿಗೆಯಂತೂ ಕೆಟ್ಟ ಬೇಸಿಗೆ. ಗಲ್ಲಿಯಲ್ಲಿ ಯಾರ ಮನೆಯಲ್ಲೂ ಕುಡಿಯುವುದಕ್ಕಿಂತ ಹೆಚ್ಚಿನ ನೀರಿರಲಿಲ್ಲ. ಹೆಣ ಎದ್ದ ಕೂಡಲೇ ಪಂಢರಿನಾಥರು ಧೋತರದ ಚುಂಗು ಎತ್ತಿ ಹಿಡಿದು ಕೆಳಗಿನ ತುದಿಯಿಂದ ಮೇಲಕ್ಕೆ ಕೂಗುತ್ತ ಹೊರಟರು. “ಸಾವಿನ ನೀರು ಬಿಟ್ಟಾರ್ರೀ... ನಳ ಮುಚ್ಚರಿ! ನಳ ಮುಚ್ಚರಿ!”

ಗಲ್ಲಿ ಏರಿನಲ್ಲಿದೆ, ಪೈಪು ಸಣ್ಣದು. ಕೆಳಗಿನವರು ಒಬ್ಬರು ನಳ ತೆರೆದಿಟ್ಟರೂ ಮೇಲಕ್ಕೆ ನೀರು ಏರುವುದಿಲ್ಲ. ಆದ್ದರಿಂದ ಕೂಗು ಕೇಳಿದವರೆಲ್ಲ ತಮ್ಮ ಬಾಗಿಲ ಮುಂದೆ ನಳ ಕೂಡಿಸಲು ತೋಡಿದ ಕುಣಿಗೆ ಇಳಿದು ನಳ ತಿರುವಿ, ಕುಣಿಯ ಮೇಲೆ ಕಲ್ಲು ಹೇರುತ್ತಿದ್ದರು. ಕಲ್ಲು ಕಂಡರೆ ಮುಚ್ಚಿದ್ದಾರೆ ಎಂದು ಗುರುತು. ಕಾವಲು ಕಾಯುವವರು ಯಾರೂ ಇರಲಿಲ್ಲ.

ಗುರುಬಾಯಿಯ ಮನೆ ಎಲ್ಲಕ್ಕಿಂತ ಕೆಳಗೆ. ನೀರು ಮೊದಲು ಬರುವುದೇ ಅವಳ ನಳಕ್ಕೆ. ಅಂದು ಅವಳ ಮನೆಯ ಹಂಡೆಯೂ ಖಾಲಿ, ಹೊಟ್ಟೆಯಲ್ಲಿ ಕೂಸು ಬೇರೆ. ಅವಳು ಕಲ್ಲು ಹೇರಿ, ಸಾಲದೆಂದು ಆ ಕಲ್ಲಿನ ಮೇಲೆ ತಾನೇ ಹತ್ತಿ ಕೂತಿದ್ದಳು. ಕೆಳಗೆ ಪೈಪಿನಲ್ಲಿ ನೀರು ಹೋಗುವ ಸದ್ದು ಕೇಳುತ್ತಿತ್ತು.

“ಯಾಕವಾ, ಕಲ್ಲಿಗೆ ಕಾವು ಕೊಡಾಕತ್ತೀಯೇನು?” ಎಂದು ನಾಗಣ್ಣನ ಚಿಕ್ಕಪ್ಪ ಸಾವಿನ ಮನೆಯವನಾಗಿಯೂ ಚಾಷ್ಟಿ ಮಾಡಿದ.

“ಕಲ್ಲ ಬಲೇ ತಂಪ ಐತ್ರಿ,” ಎಂದಳು ಗುರುಬಾಯಿ. “ನೀರಿನ ಮ್ಯಾಲ ಕುಂತೀನಲ್ಲ.”

ಮೇಲಿನ ತುದಿಯಲ್ಲಿ ನಾಗಣ್ಣನ ಮನೆಯ ನಳ ಭರ್ರೆಂದು ಸುರಿಯಿತು. ಎದುರಿನ ತಮ್ಮ ಮನೆಯ ನಳದ ಮೇಲೂ ಪಂಢರಿನಾಥರು ಕಲ್ಲು ಹೇರಿದ್ದರು. ಆ ವಾರ ಅತುಲ ಪುಣೆಯ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದ.

*

ಸ್ಮಶಾನದಲ್ಲಿ ಬಿಸಿಲಿಗೆ ತಗಡಿನ ಚಪ್ಪರ ಚಟಚಟ ಅನ್ನುತ್ತಿತ್ತು. ಅಲ್ಲಿಯ ನಳದ ಬಾಯಿಗೆ ಯಾರೋ ಚಿಂದಿ ತುರುಕಿದ್ದರು. ನೀರಿನ ಮಡಕೆ ಹೆಗಲಿಗೆ ಬಂದಾಗ ಅದು ಅರ್ಧಕ್ಕಿಂತ ಕಡಿಮೆ ಇದೆ ಎಂದು ಅತುಲನಿಗೆ ತೂಕದಲ್ಲೇ ತಿಳಿಯಿತು. ಮೈ ತೊಳೆಯುವ ಮೊದಲೇ ಗುರುಬಾಯಿ ತನ್ನ ಕೊಡದಿಂದ ಬಗ್ಗಿಸಿದ್ದಷ್ಟೇ ಅದರಲ್ಲಿತ್ತು.

ಚಿತೆಯ ಸುತ್ತ ಅವನು ನಡೆಯತೊಡಗಿದ. ಹಿಂದಿನಿಂದ ಭಟ್ಟರು ಮಡಕೆಗೆ ತೂತು ಹೊಡೆದರು. ನೀರು ಬೆನ್ನಿನ ಮೇಲೆ ಹರಿದು ನೆಲಕ್ಕೆ ಬಿದ್ದಲ್ಲೇ ಮಾಯವಾಯಿತು. ಎರಡನೆಯ ತೂತು ಹೊಡೆದರು. ಮೂರನೆಯ ಸುತ್ತು ಅರ್ಧಕ್ಕೆ ಬಂದಾಗ ಧಾರೆ ಹನಿಯಾಯಿತು, ಹನಿ ನಿಂತಿತು. ಅತುಲ ನಿಲ್ಲಬೇಕೋ ನಡೆಯಬೇಕೋ ತಿಳಿಯದೆ ಭಟ್ಟರ ಮುಖ ನೋಡಿದ.

“ನಡೀರಿ, ನಡೀರಿ,” ಎಂದರು ಭಟ್ಟರು ಬೇರೆ ಕಡೆ ನೋಡುತ್ತ.

ಒಣ ಮಡಕೆ ಹೊತ್ತುಕೊಂಡೇ ಅವನು ಸುತ್ತು ಮುಗಿಸಿದ. ಬೆನ್ನ ಹಿಂದೆ ಒಗೆದಾಗ ಅದು ಒಡೆದ ಸದ್ದು ವಿಚಿತ್ರವಾಗಿ ದೊಡ್ಡದಾಗಿ ಕೇಳಿಸಿತು.

ಬೆಂಕಿ ಹತ್ತಿದ ಮೇಲೆ ಬೇವಿನ ನೆರಳಿನಲ್ಲಿ ಜನ ಗುಂಪಾಗಿ ಕೂತರು. ವಳಸಂಗದಿಂದ ಬಂದಿದ್ದ ಸೋದರಮಾವ ತಂಬಾಕು ತಿಕ್ಕುತ್ತ, “ಎಷ್ಟ ಮಂದಿ ಬಂದಾರ ನೋಡ್ರಿ. ಒಬ್ಬ ಕ್ಲಾರ್ಕಗ ಇಷ್ಟು ಮಂದಿ!” ಎಂದರು.

“ಹೊತ್ತ ಗೊತ್ತಿಲ್ಲದ ನಮ್ಮ ಮಂದಿ ಸಾಯತಿದ್ರು, ಹೊತ್ತ ಗೊತ್ತಿಲ್ಲದ ಕಾಕಾ ಏಳತಿದ್ರು,” ಎಂದ ನಾಗಣ್ಣ. “ಅದಕ್ಕ ಬಂದಾರ.”

“ಮಗಾನೂ ಅದ ಆಫೀಸಿನ್ಯಾಗ ಇದ್ದಾನಲ್ಲ. ಹೆಸರ ನಡಸ್ತಾನ ಬಿಡ್ರಿ,” ಎಂದರು ಸೋದರಮಾವ.

ನಾಗಣ್ಣ ಕೆಟ್ಟ ಕಿವಿಯನ್ನು ಅತ್ತ ತಿರುಗಿಸಿಕೊಂಡ. ತುಸು ದೂರದಲ್ಲಿ ಕೂತಿದ್ದ ಅತುಲನಿಗೆ ಎಲ್ಲವೂ ಕೇಳಿಸಿತ್ತು.

*

ಅತುಲ ಕೆಟ್ಟವನೇನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಆಫೀಸನ್ನು ಸುಧಾರಿಸಬೇಕೆಂದು ಮೇಲಿನಿಂದ ಹುಕುಮು ಬಂದಾಗ ಹಗಲೂ ರಾತ್ರಿ ದುಡಿದವನು ಅವನೇ. ಪಂಪ್‌ಹೌಸಿಗೆ ಮೀಟರು ಕೂಡಿಸಿದ. ಕಳ್ಳ ಪೈಪು ಎಳೆದಿದ್ದ ಲಾಡ್ಜುಗಳ ನೀರು ಕತ್ತರಿಸಿದ, ಬೈಸಿಕೊಂಡರೂ ಬಗ್ಗಲಿಲ್ಲ. ಅಂದು ಪಂಢರಿನಾಥರು ಪೇಢೆ ತಂದು ಮನೆಮಂದಿಗೆಲ್ಲ ಹಂಚಿದ್ದರು. ಆಮೇಲೆ ಚಾವಿ ತಿರುವುವ ಕೆಲಸ ಗುತ್ತಿಗೆದಾರನಿಗೆ ಹೋಯಿತು. ಪಾಳಿ ಬಿಟ್ಟು ಒಂದು ಹನಿಯೂ ಹೊರಬೀಳಬಾರದು ಎಂಬ ಹೊಸ ನಿಯಮವನ್ನು ಅತುಲ ಊಟದ ಹೊತ್ತಿಗೆ ಅಪ್ಪನಿಗೆ ಓದಿ ಹೇಳಿದ.

“ಸಾವಿನ ನೀರು?” ಎಂದರು ಪಂಢರಿನಾಥರು.

“ಬೇಕಾದವರು ಮರಣದ ದಾಖಲಾ ಹಚ್ಚಿ ಅರ್ಜಿ ಕೊಡಬೇಕು. ಒಂದು ಸಾವಿಗೆ ಇಡೀ ಗಲ್ಲಿ ತುಂಬಕೋತದಪ್ಪಾ. ಎಷ್ಟು ನಳಾ, ಎಷ್ಟು ಹೊತ್ತು, ಗುಣಾಕಾರ ಮಾಡಿ ನೋಡೀನಿ. ಎಷ್ಟು ನೀರು ಸುಮ್ನ ಹೋಗತದ ಗೊತ್ತೇನು ನಿಮಗ?”

“ಗುಣಾಕಾರ ಮಾಡೂ ಮೊದಲ ಒಮ್ಮೆ ಗಲ್ಲಿಯೊಳಗ ನಿಂತು ನೋಡಬೇಕಾಗಿತ್ತು ನೀನು.”

“ನಾ ಇದೇ ಗಲ್ಲಿಯೊಳಗ ಬೆಳದೀನಿ.”

“ಹೌದು,” ಎಂದರು ಪಂಢರಿನಾಥರು, ಭಕ್ಕರಿ ಮುರಿಯುತ್ತ. “ಮ್ಯಾಲಿನ ತುದಿಯೊಳಗ.”

ಅತುಲ ನಕ್ಕುಬಿಟ್ಟ. ಹಳೆಯ ಕಾಲದವರ ಹಟ ಎಂದುಕೊಂಡ.

ಆ ಚಳಿಗಾಲದಲ್ಲೇ ಗುರುಬಾಯಿಯ ಗಂಡ ಚನ್ನವೀರಪ್ಪ ಹೋದ. ಹೊತ್ತು ಏರುವ ಮೊದಲು ಗುರುಬಾಯಿ ತಾನೇ ಬಂದು ಈ ಅಂಗಳದಲ್ಲಿ ನಿಂತಿದ್ದಳು. ಆಫೀಸಿಗೆ ಹೊರಟಿದ್ದ ಅತುಲ ಬೂಟಿನ ದಾರ ಕಟ್ಟುತ್ತಿದ್ದ.

“ದಾಖಲಾ ತಂದು ಅರ್ಜಿ ಕೊಡ್ರಿ, ಲಗೂನ ಮಾಡಸ್ತೀನಿ.”

“ದಾಖಲಾ ನಾಕ ದಿನಕ್ಕ ಸಿಗತೈತಂತರಿ ಸಾಹೇಬ್ರ. ಅಲ್ಲೀತನಾ ಹೆಣಾ ಇಟಗೊಂಡ ಕುಂದ್ರಲೇನ್ರಿ?”

“ನಿಯಮ ಎಲ್ಲಾರಿಗೂ ಒಂದೇ ಗುರುಬಾಯಿ. ನಿಮಗ ಬಿಟ್ರ ನಾಳೆ ಇನ್ನೊಬ್ಬರು ಬರ್ತಾರ. ನಮ್ಮ ಮನಿಗಾದ್ರೂ ಇದೇ ನಿಯಮ.”

ಪಂಢರಿನಾಥರು ಅಂಗಿ ಹಾಕಿಕೊಂಡು ಪಂಪ್‌ಹೌಸಿಗೆ ತಾವೇ ಹೋದರು. ಗುತ್ತಿಗೆದಾರನ ಹೊಸ ಹುಡುಗರಿಗೆ ಅವರ ಗುರುತಿರಲಿಲ್ಲ. ಬೆಂಚಿನ ಮೇಲೆ ಕೂಡಿಸಿ, ಸಂಜೆಯವರೆಗೆ ಕೂಡಿಸಿಯೇ ಇಟ್ಟು, ಚಹಾ ಕುಡಿಸಿ ಕಳಿಸಿದರು. ಅಷ್ಟೊತ್ತಿಗೆ ಚನ್ನವೀರಪ್ಪನ ಮಣ್ಣು ಮುಗಿದಿತ್ತು. ಹೊತ್ತವರು ಒಣ ಕೈಗಳನ್ನು ಬೂದಿಯಲ್ಲಿ ತಿಕ್ಕಿಕೊಂಡು ಮನೆಗೆ ಹೋಗಿದ್ದರು. ಗುರುಬಾಯಿ ನಳದ ಕಲ್ಲಿನ ಮೇಲೆ ಕೂತಿದ್ದಳು. ಪಂಢರಿನಾಥರು ಅವಳನ್ನು ದಾಟಿ ಮನೆಗೆ ಹೋಗಬೇಕಾಗಿತ್ತು. ಹೇಗೆ ದಾಟಿದರೋ! ಅಂದಿನಿಂದ ಅವರು ಗಲ್ಲಿಯಲ್ಲಿ ಇಳಿದು ಓಡಾಡುವುದನ್ನೇ ಬಿಟ್ಟರು.

ಗುತ್ತಿಗೆದಾರನ ನೀರಿಗೆ ಹೊತ್ತು ಗೊತ್ತು ಇರಲಿಲ್ಲ. ಮಧ್ಯಾಹ್ನ ಅಂದರೆ ಸಂಜೆ, ಸಂಜೆ ಅಂದರೆ ಮರುದಿನ. ಹಾಗಾಗಿ ಗಲ್ಲಿಯವರು ನಳಗಳನ್ನು ಸದಾ ತೆರೆದೇ ಇಡತೊಡಗಿದರು. ಆಮೇಲೆ ಒಬ್ಬರು ನಳಕ್ಕೆ ಸಣ್ಣ ಮೋಟಾರು ಕಟ್ಟಿದರು, ನೀರು ಎಳೆಯಲು. ಅವರು ಎಳೆದರೆ ಪಕ್ಕದವರಿಗೆ ಬಾರದು, ಪಕ್ಕದವರೂ ತಂದರು. ಗುರುಬಾಯಿಯೂ ಕೊರಳಿನ ಬೋರಮಾಳ ಮಾರಿ ಒಂದು ತಂದಳು. ಕುಣಿಯ ಕಲ್ಲುಗಳು ಬಟ್ಟೆ ಒಗೆಯುವುದಕ್ಕಾದವು.

ಇವೆಲ್ಲ ನಡೆಯುತ್ತಿರುವಾಗ ಆಫೀಸಿನ ಮೀಟರು ನೀರು ಉಳಿದಿದೆ ಎಂದು ತೋರಿಸಿತು. ಅತುಲನಿಗೆ ಶಾಲು ಹೊದಿಸಿದರು.

*

ಸ್ಮಶಾನದಿಂದ ಬಂದವರು ಹೊಸ್ತಿಲ ಹೊರಗೇ ಉಳಿದರು. ಮೈ ತೊಳೆಯದೆ ಒಳಗೆ ಹೋಗುವುದೆಂತು? ದೂರದವರು ಒಬ್ಬೊಬ್ಬರಾಗಿ ಬಸ್ಸು ಹಿಡಿದು ಊರಿಗೆ ಹೋದರು. ಉಳಿದವರ ಮೈಯಿಂದ ಹೊಗೆಯ ವಾಸನೆ ಏಳುತ್ತಿತ್ತು. ಶ್ರೀಲೇಖಾಳ ಗಂಡ ಜೀಪಿನಲ್ಲಿ ಡಬ್ಬಿ ಹೇರಿಕೊಂಡು ನಾಲ್ಕು ಪೇಟೆ ಸುತ್ತಿ ಬಂದ. ಬೋರುಗಳೆಲ್ಲ ಗಾಳಿ ಉಗುಳುತ್ತಿವೆ ಎಂದ. ಒಳಗೆ ಹೆಣ ಮಲಗಿದ್ದ ಜಾಗ ಹಾಗೇ ಇತ್ತು. ಅತುಲನ ಹೆಂಡತಿ ಕೇತಕಿ ಅದರ ಪಕ್ಕದಲ್ಲಿ ಹಿಟ್ಟಿನ ತಟ್ಟೆ, ಎಣ್ಣೆ ತುಂಬಿದ ದೀಪ, ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ನೆರಳು ಉದ್ದವಾಯಿತು. ಕುಮುದಿನಿಬಾಯಿ ಮತ್ತೆ ಮತ್ತೆ ಹೊಸ್ತಿಲ ಕಡೆ ನೋಡುತ್ತಿದ್ದರು. ಅಲ್ಲಿ ಯಾರಾದರೂ ನಿಂತಿದ್ದಾರೇನೋ ಅನ್ನುವ ಹಾಗೆ ಸೆರಗು ಸರಿಮಾಡಿಕೊಂಡರು.

“ಫೋನ್ ಮಾಡು,” ಎಂದರು ಅವರು.

“ಆಯಿ, ನಿಯಮಾ ಮಾಡಿದಾವ ನಾನೇ.”

“ಹಂಗಾದ್ರ ಮುರಿಯಾವನೂ ನೀನೇ ಆಗು.”

ಕೇತಕಿ ಫೋನನ್ನು ವಯರು ಸಮೇತ ಹೊಸ್ತಿಲವರೆಗೆ ತಂದಳು. ಅತುಲ ಬಗ್ಗಿ ಹೊರಗಿನಿಂದಲೇ ನಂಬರು ತಿರುವಿದ. ಪಂಪ್‌ಹೌಸಿನಲ್ಲಿ ಗುತ್ತಿಗೆದಾರನ ಆಳುಗಳ ಮುಕಾದಮ ಕೈಲಾಸ ಸಿಕ್ಕ.

“ಕೈಲಾಸ, ನಾ ಅತುಲ. ನಮ್ಮ ಗಲ್ಲಿ ಚಾವಿ ಸ್ವಲ್ಪ ಹೊತ್ತು ತೆಗಿ.”

“ಪಾಳಿ ಇಲ್ಲಲ್ರಿ ಸಾಹೇಬ್ರ. ಅರ್ಜಿ ಇಲ್ಲದ ತೆಗದ್ರ ದಂಡ ಹಾಕತೀನಿ ಅಂದೋರ ನೀವಲ್ರಿ?”

“ನಾನೇ ಹೇಳ್ಲಿಕ್ಕತ್ತೀನಿ. ತೆಗಿ.”

“ಆತ್ರಿ,” ಎಂದ ಕೈಲಾಸ. “ನಿಮ್ಮ ಸಲುವಾಗಿ ತೆಗೀತೀನಿ.”

ಎಲ್ಲರೂ ಎದ್ದು ನಳದ ಸುತ್ತ ನಿಂತರು. ಸೂರ್ಯ ಮಾಳಿಗೆಗಳ ಹಿಂದೆ ಇಳಿದಿದ್ದ. ನಳ ಕೆಮ್ಮಿತು. ಒಂದು ಬೊಗಸೆ ಕೆಂಪು ನೀರು ಕಕ್ಕಿತು. ಶ್ರೀಲೇಖಾ ಕೊಡ ಹಿಡಿದು ಕೂತಳು. ಕೆಳಗೆ ಎಲ್ಲೋ ಒಂದು ಮೋಟಾರು ಗುರ್ರೆಂದಿತು. ಧಾರೆ ತೆಳ್ಳಗಾಗಿ ನಿಂತೇಹೋಯಿತು.

“ಕೂಗು,” ಎಂದರು ಕುಮುದಿನಿಬಾಯಿ. “ಅವರು ಕೂಗತಿದ್ರು.”

ಅತುಲ ಬರಿಗಾಲಿನಲ್ಲಿ, ಸ್ಮಶಾನದ ಧೋತರದಲ್ಲೇ ಗಲ್ಲಿಗೆ ಇಳಿದ. ಆ ಕೂಗನ್ನು ಅವನು ಎಂದೂ ಕೂಗಿರಲಿಲ್ಲ. ಮೊದಲ ಸಲ ಅದು ಸರಿಯಾಗಿ ಹೊರಡಲೂ ಇಲ್ಲ. “ಸಾವಿನ ನೀರು ಬಿಟ್ಟಾರ್ರೀ... ನಳ ಮುಚ್ಚರಿ!”

ಎಲ್ಲರಿಗಿಂತ ಮೊದಲು ನಾಗಣ್ಣ ತನ್ನ ಕುಣಿಗೆ ಇಳಿದು ನಳ ತಿರುವಿದ. ಒಗೆಯುವ ಕಲ್ಲನ್ನು ಉರುಳಿಸಿ ತಂದು ಮೇಲೆ ಹೇರಿದ. “ಕೂಗ ತಮ್ಮಾ, ಇನ್ನಷ್ಟ ಜೋರಲೆ ಕೂಗ,” ಎಂದ.

ಅತುಲ ಕೂಗುತ್ತ ಇಳಿದ. ಬಾಗಿಲುಗಳಲ್ಲಿ ಜನ ನಿಂತಿದ್ದರು. ಬೆಳಿಗ್ಗೆ ಅಪ್ಪನ ಕಾಲು ಮುಟ್ಟಿ ಅತ್ತವರೇ. ಅವರು ಅವನನ್ನು ನೋಡಿದರು, ಒಳಗೆ ಹೋದರು. ಅವನು ದಾಟಿದ ಮನೆಗಳಲ್ಲಿ ಒಂದರ ಹಿಂದೆ ಒಂದು ಮೋಟಾರು ಗುರ್ರೆನ್ನತೊಡಗಿತು. ನೀರು ಯಾವಾಗ ಬಂದೀತೋ, ಮತ್ತೆ ಎಂದು ಬಂದೀತೋ, ಯಾರಿಗೆ ಗೊತ್ತು? ಹಂಡೆಗಳಿಗೆ ನೀರು ಬೀಳುವ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಕೆಳಗಿನ ತುದಿಯಲ್ಲಿ ಗುರುಬಾಯಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮೋಟಾರು ಇನ್ನೂ ಶುರುವಾಗಿರಲಿಲ್ಲ.

“ಗುರುಬಾಯಿ,” ಎಂದ ಅತುಲ. “ಅಪ್ಪನ ದೀಪಾ ಇಡಬೇಕು. ಕತ್ತಲಾಗ್ಲಿಕ್ಕತ್ತದ. ನಿಮ್ಮ ಕೈ ಮುಗೀತೀನಿ.”

ಗುರುಬಾಯಿಯ ಕಣ್ಣಲ್ಲಿ ನೀರು ಬಂತು. ಕಾಕಾ ಎಂದರೆ ಅವಳಿಗೆ ಪ್ರಾಣ. ಅವಳು ಕುಣಿಯ ಕಡೆ ನೋಡಿದಳು, ಗೋಡೆಗೆ ಒರಗಿಸಿದ್ದ ಕಲ್ಲಿನ ಕಡೆ ನೋಡಿದಳು.

“ಅರ್ಜಿ ಕೊಟ್ಟೀರೇನ್ರಿ ಸಾಹೇಬ್ರ?” ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಾಯಿಪಾಠದ ಮಾತು ಒಪ್ಪಿಸಿದ ಹಾಗಿತ್ತು. ಆಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮೋಟಾರು ಶುರುವಾಯಿತು.

ಅತುಲ ಏರು ಹತ್ತಿ ಓಡಿದ. ಅಂಗಳದಲ್ಲಿ ಶ್ರೀಲೇಖಾ ಖಾಲಿ ಕೊಡದ ಮುಂದೆ ಹಾಗೇ ಕೂತಿದ್ದಳು. ಬಾಗಿಲ ಒಳಗೆ ಕತ್ತಲು ತುಂಬಿತ್ತು. ಕೇತಕಿಯ ಕೈಯಲ್ಲಿದ್ದ ಹಿಟ್ಟಿನ ತಟ್ಟೆಯಷ್ಟೇ ಬೆಳ್ಳಗೆ ಕಾಣುತ್ತಿತ್ತು.

“ಬಂತೇನೋ?” ಎಂದು ಕುಮುದಿನಿಬಾಯಿ ಕೇಳಿದರು. ಅವರು ಕೇಳಿದ್ದು ಮಗನನ್ನಲ್ಲ, ನೀರಿನ ಬಗ್ಗೆಯೂ ಅಲ್ಲವೇನೋ. ಅವರ ಕಣ್ಣು ಹೊಸ್ತಿಲ ಮೇಲಿತ್ತು.

ಅತುಲ ಮೊಣಕಾಲೂರಿ ನಳದ ಬಾಯಿಗೆ ಅಂಗೈ ಇಟ್ಟ. ಒಂದು ಹನಿಯಾದರೂ ಇದ್ದೀತು ಎಂದು ಒತ್ತಿ ಹಿಡಿದ. ಕೆಳಗೆ ಗಲ್ಲಿಯ ಉದ್ದಕ್ಕೂ ಮೋಟಾರುಗಳು ಗುರ್ರೆನ್ನುತ್ತಿದ್ದವು. ನಳ ಅವನ ಅಂಗೈಯನ್ನು ಒಳಕ್ಕೆ ಎಳೆಯತೊಡಗಿತು.